ಗೋಡೆಯೂ ಗೆರೆಯೂ

ಗೆರೆ ಎಳೆಯುವುದು ಮಗುವಿನ ಸಹಜ ಪ್ರವೃತ್ತಿ. ಇದ್ದಿಲ ಚೂರೊಂದು ಕೈಗೆ ಸಿಕ್ಕಿದರೆ ಸುಣ್ಣ ಬಳಿದ ಗೋಡೆಯೇ ಅದಕ್ಕೆ ಹಲಗೆ. ಹಿರಿಯರು ಗದರಿಸುತ್ತಾರೆ. ಆದರೆ ಗೋಡೆಯ ಮೇಲೆ ಬರೆಯುವುದೇ ತಪ್ಪೆನ್ನುವುದಾದರೆ ಮಲೆನಾಡಿನ ಹಸೆ ಚಿತ್ತಾರಕ್ಕೆ ಏನೆನ್ನಬೇಕು? ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳುಪಿನಿಂದ ಮದುವೆಯ ಹಸೆಯನ್ನು ಬರೆಯುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಲ್ಲಿಲೂರು ಕದನವು ಇಂದಿಗೂ ಕಣ್ಣಿಗೆ ಕಟ್ಟುತ್ತದೆ.

ಪ್ರಾಚೀನ ಸ್ಮಾರಕಗಳ ಮೇಲೆ ಮೊಳೆಯಿಂದ ತಮ್ಮ ಹೆಸರನ್ನು ಕೆತ್ತುವವರೂ ಉಂಟು. ಚಿತ್ರಕಾರನು ಬರೆದುದೂ ಗೋಡೆಯ ಮೇಲೆಯೇ, ಇವರು ಬರೆಯುವುದೂ ಗೋಡೆಯ ಮೇಲೆಯೇ. ಹಾಗಾದರೆ ಭೇದವೆಲ್ಲಿ? ಒಡೆಯರ ಒಪ್ಪಿಗೆ ಪಡೆದು, ಹದಗೊಳಿಸಿದ ಗೋಡೆಯ ಮೇಲೆ, ನೋಡುವವರೆಲ್ಲರ ಸಂತೋಷಕ್ಕಾಗಿ ಬರೆದುದು ಕಲೆ. ಎಲ್ಲರ ಸ್ವತ್ತಿನ ಮೇಲೆ ತನ್ನೊಬ್ಬನ ಹೆಸರನ್ನು ಗೀಚಿದುದೂ ಕಲೆಯೇ. ಆದರೆ ಅದು ತೊಳೆದರೂ ಹೋಗದ ಕಲೆ.

ಕೇಂದ್ರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 2010ರ ಕಾನೂನು ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ದಂಡದ ಭಯದಿಂದ ವಿವೇಕ ಮೂಡದು. ಅದನ್ನು ಎಳವೆಯಲ್ಲಿಯೇ ಮನೆಯೂ ಶಾಲೆಯೂ ಕಲಿಸಬೇಕು. “ಅಲ್ಲಿ ಬರೆಯಬೇಡ” ಎನ್ನುವ ಮೊದಲು “ಇಲ್ಲಿ ಬರೆ” ಎಂದು ಮಗುವಿಗೆ ಒಂದು ಗೋಡೆಯನ್ನು ತೋರಿಸಬೇಕು. ತನ್ನ ಚಿತ್ರವನ್ನು ಇತರರು ಕೆಡಿಸಬಾರದೆಂದು ಬಯಸುವ ಮಗು ಇತರರ ಗೋಡೆಯನ್ನೂ ಗೌರವಿಸಲು ಕಲಿಯುತ್ತದೆ.