ಕೆಳ ಬರ್ತ್ ಅಪ್ಪನಿಗೆ, ಕಿಟಕಿ ಯಾರಿಗೆ?

ನವರಾತ್ರಿಯ ಗರ್ಬಾ ಮುಗಿದು ದೀಪಾವಳಿ ಹತ್ತಿರವಾದರೆ ಗುಜರಾತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಈ ಸಲ ಎಲ್ಲಿಗೆ?’ ಸೂರತ್‌ನಲ್ಲಿ ವಜ್ರದ ಘಟಕಗಳು, ಸೀರೆ ಮಾರುಕಟ್ಟೆಗಳು ಬಾಗಿಲು ಹಾಕುತ್ತವೆ. ಅಹಮದಾಬಾದ್, ವಡೋದರಾಗಳಲ್ಲಿ ಶಾಲೆಗಳಿಗೆ ಮೂರು ವಾರ ರಜೆ. ಲಾಭ ಪಂಚಮಿಯವರೆಗೆ ವ್ಯಾಪಾರದ ಮಾತಿಲ್ಲ. ಅಕ್ಕಪಕ್ಕದವರೆಲ್ಲ ಪ್ರವಾಸಕ್ಕೆ ಹೊರಟಾಗ ಇಲ್ಲಿ ನೌಕರಿಗೆ ಬಂದಿರುವ ನಾವು ಕನ್ನಡಿಗರು ಸುಮ್ಮನೆ ಕೂರುತ್ತೇವೆಯೇ? ಅದರಲ್ಲೂ ಎಷ್ಟೋ ಮನೆಗಳಲ್ಲಿ ಇದೇ ಹೊತ್ತಿಗೆ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಸೋಮನಾಥ, ದ್ವಾರಕೆ ಆಗಿದೆ. ಏಕತಾ ಪ್ರತಿಮೆಯೂ ಆಗಿದೆ. ಇನ್ನೇನು ತೋರಿಸುವುದು?

ಈಗ ಆ ಪ್ರಶ್ನೆಗೆ ಸಿಗುತ್ತಿರುವ ಉತ್ತರ ಕ್ರೂಸ್. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಪ್ರಯಾಣ ಆರಂಭಿಸಿದ ಮೇಲೆ ಗೋವಾ, ಲಕ್ಷದ್ವೀಪಗಳಿಗೆ ಎರಡು ಮೂರು ರಾತ್ರಿಯ ಸಮುದ್ರಯಾನ ಮಧ್ಯಮ ವರ್ಗದ ಕೈಗೆಟುಕುವ ಸಂಗತಿಯಾಯಿತು. ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ. ಗುಜರಾತಿಗಳೇ ದೊಡ್ಡ ಗಿರಾಕಿಗಳಾದ್ದರಿಂದ ಸಸ್ಯಾಹಾರಕ್ಕೆ, ಜೈನ ಊಟಕ್ಕೂ ತೊಂದರೆಯಿಲ್ಲ. ಸೂರತ್‌ನಿಂದ ಮುಂಬೈ ಸೆಂಟ್ರಲ್‌ಗೆ ರೈಲಿನಲ್ಲಿ ಸುಮಾರು 260 ಕಿಲೋಮೀಟರ್, ವಡೋದರಾದಿಂದ 390, ಅಹಮದಾಬಾದ್‌ನಿಂದ 490. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಮುಂಬೈ. ಹೀಗಾಗಿ ಟ್ರಾವೆಲ್ ಏಜೆಂಟ್‌ಗೆ ಫೋನ್ ಮಾಡುತ್ತೇವೆ. ಅವನು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಜನ?’ ನಾವು ಕೇಳುವ ಮೊದಲ ಪ್ರಶ್ನೆ, ‘ತಲೆಗೆ ಎಷ್ಟು?’

ಈ ಎರಡು ಪ್ರಶ್ನೆಗಳ ನಡುವೆ ಒಂದು ಅನ್ಯಾಯ ನಡೆಯುತ್ತಿದೆ ಎಂಬುದು ನನ್ನ ವಾದ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ.

ಹಡಗಿನ ಕ್ಯಾಬಿನ್‌ಗಳಲ್ಲಿ ಸ್ಥೂಲವಾಗಿ ನಾಲ್ಕು ಬಗೆ. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್, ತೆರೆಯಲಾಗದ ಗಾಜಿನ ಕಿಟಕಿಯಿರುವ ಕ್ಯಾಬಿನ್, ಬಾಲ್ಕನಿ ಇರುವುದು, ಮತ್ತೆ ಸೂಟ್. ಮೊದಲಿನದು ಎಲ್ಲಕ್ಕಿಂತ ಅಗ್ಗ. ನಾವು ಆರು ಜನ: ನಾನು, ಹೆಂಡತಿ, ಇಬ್ಬರು ಮಕ್ಕಳು, ಅಪ್ಪ, ಅಮ್ಮ. ನಮ್ಮ ನಾಲ್ವರಿಗೆ ಮೇಲಿನ ಡೆಕ್ಕಿನಲ್ಲಿ ಕಿಟಕಿಯಿರುವ ಕ್ಯಾಬಿನ್, ಅಪ್ಪ ಅಮ್ಮನಿಗೆ ಕೆಳಗಿನ ಡೆಕ್ಕಿನಲ್ಲಿ ಒಳಗಿನ ಕ್ಯಾಬಿನ್ ಎಂದು ನಾನೇ ತೀರ್ಮಾನಿಸಿದೆ. ‘ಅವರು ಮಲಗೋದಕ್ಕೆ ತಾನೇ ಹೋಗೋದು, ಮಕ್ಕಳಿಗೆ ಸಮುದ್ರ ಕಾಣಲಿ’ ಎಂಬ ಸಮಾಧಾನ ಬೇರೆ. ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಕೊನೆಗೆ ಕೊಡುವ ಅಗ್ಗದ ದರವನ್ನು ಒಪ್ಪಿಕೊಂಡಿದ್ದರಿಂದ ಅವರದು ಹಡಗಿನ ಒಂದು ತುದಿಗೆ, ನಮ್ಮದು ಇನ್ನೊಂದು ತುದಿಗೆ ಬಂತು. ಇದರಲ್ಲಿ ಹಡಗಿನವರ ತಪ್ಪೇನೂ ಇಲ್ಲ. ದುಡ್ಡಿಗೆ ತಕ್ಕದ್ದನ್ನೇ ಕೊಟ್ಟರು.

ಮರುದಿನ ಬೆಳಗಿನ ಜಾವ ಕಾಫಿ ಹುಡುಕಿಕೊಂಡು ಹೊರಟವನಿಗೆ ಲಿಫ್ಟ್ ಎದುರಿನ ಸೋಫಾದಲ್ಲಿ ಅಪ್ಪ ಕಂಡರು. ಶಾಲು ಹೊದ್ದು ಒಬ್ಬರೇ ಕೂತಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ ಹೇಳಲಿಲ್ಲ. ‘ಬೆಳಕು ಹರೀತೋ ಇಲ್ವೋ ಗೊತ್ತಾಗ್ಲಿಲ್ಲ ಕಣಪ್ಪ, ನೋಡ್ಕೊಂಡು ಹೋಗೋಣ ಅಂತ ಬಂದೆ. ವಾಪಸ್ ಹೋಗೋಕೆ ಬಾಗಿಲು ಯಾವ್ದು ಅಂತ ಮರ್ತೋಯ್ತು’ ಎಂದರು. ಉದ್ದದ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲು. ಅಮ್ಮ ಒಳಗೆ ದೀಪ ಹಾಕಿಕೊಂಡು ಎಚ್ಚರವಾಗಿಯೇ ಕೂತಿದ್ದರು. ಹಾಸನದ ಕಡೆಯ ಹಳ್ಳಿಯಲ್ಲಿ ಎಪ್ಪತ್ತು ವರ್ಷ ಬೆಳಕು ನೋಡಿಕೊಂಡೇ ಎದ್ದವರನ್ನು ಬೆಳಕೇ ಬಾರದ ಕೋಣೆಯಲ್ಲಿ ಮಲಗಿಸಿದ್ದೆ.

ಇದೇ ನಾನು ಅವರಿಗೆ ರೈಲಿನ ಟಿಕೆಟ್ ಮಾಡುವಾಗ ಕೆಳ ಬರ್ತ್ ಸಿಗದಿದ್ದರೆ ದಿನಾಂಕವನ್ನೇ ಬದಲಿಸುತ್ತೇನೆ. ನಾವೆಲ್ಲರೂ ಹಾಗೆಯೇ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತ್ ಕೊಡಲು ರೈಲ್ವೆ ತಾನಾಗಿಯೇ ಪ್ರಯತ್ನಿಸುತ್ತದೆ. ನಾವು ಕೇಳದಿದ್ದರೂ ಅಲ್ಲಿ ಒಂದು ಸಂಪ್ರದಾಯವಿದೆ: ಹಿರಿಯರಿಗೆ ಕೆಳಗೆ, ಹುಡುಗರಿಗೆ ಮೇಲೆ. ಹಡಗು ಹತ್ತುವಾಗ ಮಾತ್ರ ಆ ಸಂಪ್ರದಾಯವನ್ನು ದಡದಲ್ಲೇ ಬಿಟ್ಟು ಹೋಗುತ್ತೇವೆ. ಯಾಕೆಂದರೆ ಕ್ಯಾಬಿನ್ ಅನ್ನು ನಾವು ಬರ್ತ್ ಎಂದು ನೋಡುವುದಿಲ್ಲ, ಅಂತಸ್ತು ಎಂದು ನೋಡುತ್ತೇವೆ. ಮೇಲಿನದು, ಬಾಲ್ಕನಿಯದು ದೊಡ್ಡದು. ಕೆಳಗಿನದು, ಕಿಟಕಿಯಿಲ್ಲದ್ದು ಸಣ್ಣದು.

ಸಮುದ್ರದ ಲೆಕ್ಕವೇ ಬೇರೆ. ಹಡಗು ಮುಂದಕ್ಕೂ ಹಿಂದಕ್ಕೂ ತೂಗುವಾಗ ಹೆಚ್ಚು ಏರಿಳಿಯುವುದು ಎರಡು ತುದಿಗಳು. ಅಕ್ಕಪಕ್ಕಕ್ಕೆ ಓಲಾಡುವಾಗ ಹೆಚ್ಚು ಅಲುಗುವುದು ಮೇಲಿನ ಡೆಕ್ಕುಗಳು. ಹಾಗಾಗಿ ತಲೆಸುತ್ತು, ವಾಂತಿಯ ಭಯವಿರುವವರಿಗೆ ಒಳ್ಳೆಯ ಜಾಗ ಹಡಗಿನ ನಡುಭಾಗ, ಕೆಳಗಿನ ಅಥವಾ ಮಧ್ಯದ ಡೆಕ್. ದೂರದ ದಿಗಂತ ಕಣ್ಣಿಗೆ ಕಾಣುತ್ತಿದ್ದರೆ ತಲೆಸುತ್ತು ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ, ಆದ್ದರಿಂದ ಅಲ್ಲೂ ಕಿಟಕಿಗೆ ಬೆಲೆಯಿದೆ. ಹಿರಿಯರಿಗೆ ಬೇಕಾದದ್ದು ಬಾಲ್ಕನಿಯಲ್ಲ. ನಡುಭಾಗದ, ಕೆಳ ಡೆಕ್ಕಿನ, ಗಾಜಿನ ಕಿಟಕಿಯಿರುವ ಸಾಧಾರಣ ಕ್ಯಾಬಿನ್ ಸಾಕು. ಆದರೆ ಬುಕ್ ಮಾಡುವ ಮುನ್ನ ಆ ಕಿಟಕಿಗೆ ಲೈಫ್‌ಬೋಟ್ ಅಡ್ಡ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಮೇಲುಗಡೆ ನೃತ್ಯದ ಹಾಲ್ ಇದೆಯೇ, ಈಜುಕೊಳದ ಕುರ್ಚಿಗಳನ್ನು ಎಳೆಯುವ ಸದ್ದು ಬರುತ್ತದೆಯೇ ಎಂದೂ ಡೆಕ್ ನಕ್ಷೆ ತೆಗೆದು ನೋಡಬೇಕು. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ ನಿದ್ದೆಗೆ ಒಳ್ಳೆಯದು.

ಎರಡನೆಯದು ಬಚ್ಚಲು. ಹಡಗಿನ ಬಚ್ಚಲುಮನೆ ಚಿಕ್ಕದು, ಹೊಸ್ತಿಲು ಎತ್ತರ, ರಾತ್ರಿ ನೆಲ ಅಲುಗುತ್ತಿರುತ್ತದೆ. ಮಂಡಿನೋವಿನ ಅಮ್ಮನಿಗೆ ಆ ಹೊಸ್ತಿಲೇ ಬೆಟ್ಟ. ಗಾಲಿಕುರ್ಚಿ ಹೋಗುವಂಥ, ಹೊಸ್ತಿಲಿಲ್ಲದ, ಹಿಡಿಕೆಗಳಿರುವ ಕ್ಯಾಬಿನ್‌ಗಳು ಹಡಗುಗಳಲ್ಲಿ ಕೆಲವು ಇರುತ್ತವೆ. ಅವು ಬೇಗ ತುಂಬುತ್ತವೆ, ಕೇಳಿದವರಿಗೆ ಮಾತ್ರ ಸಿಗುತ್ತವೆ.

ಮೂರನೆಯದು ಯಾರೂ ಮಾತಾಡದ ವಿಷಯ: ಆಪತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ‘ಕೋಸ್ಟಾ ಕಾನ್‌ಕಾರ್ಡಿಯಾ’ ಬಂಡೆಗೆ ಬಡಿದು ವಾಲಿ 32 ಜನ ಸತ್ತರು. ಹೊಸದಾಗಿ ಹತ್ತಿದ್ದ ಹಲವರಿಗೆ ಆಗಿನ್ನೂ ಸುರಕ್ಷತಾ ಅಭ್ಯಾಸವೇ ಆಗಿರಲಿಲ್ಲ. ಆ ಬಳಿಕ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಆ ಅಭ್ಯಾಸ ನಡೆಯಲೇಬೇಕು ಎಂದಾಯಿತು. ಪ್ರತಿ ಕ್ಯಾಬಿನ್‌ಗೂ ಸೇರುವ ಜಾಗವೊಂದು ಗೊತ್ತಾಗಿರುತ್ತದೆ, ಬಾಗಿಲ ಹಿಂದೆ ಬರೆದಿರುತ್ತದೆ. ಆದರೆ ಆ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಅಪ್ಪ ಅಮ್ಮ ಒಂದು ತುದಿಯಲ್ಲಿ, ಮಗ ಇನ್ನೊಂದು ತುದಿಯಲ್ಲಿ ಇದ್ದರೆ ಯಾರು ಯಾರನ್ನು ಹುಡುಕಿಕೊಂಡು ಹೋಗುವುದು? ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಮ್ಮನಿಗೆ ಧ್ವನಿವರ್ಧಕದ ಇಂಗ್ಲಿಷ್, ಹಿಂದಿ ಎಷ್ಟು ಅರ್ಥವಾದೀತು? ಆದ್ದರಿಂದ ಎರಡು ಕ್ಯಾಬಿನ್ ತೆಗೆದುಕೊಂಡರೆ ಅವು ಅಕ್ಕಪಕ್ಕ ಇರಲೇಬೇಕು. ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತಿರದ ಮೆಟ್ಟಿಲು ಯಾವುದು ಎಂದು ಮೊದಲ ದಿನವೇ ಹಿರಿಯರನ್ನು ನಡೆಸಿ ತೋರಿಸಬೇಕು.

ಇಷ್ಟೆಲ್ಲದರಲ್ಲಿ ನನಗೆ ಹೆಚ್ಚು ನೋವು ಕೊಡುವುದು ಒಂಟಿಯಾಗಿ ಉಳಿದ ತಾಯಿಯ ವಿಷಯ. ಹಡಗಿನ ದರ ಇಬ್ಬರ ಲೆಕ್ಕದಲ್ಲಿ ಇರುತ್ತದೆ. ಒಬ್ಬರೇ ಒಂದು ಕ್ಯಾಬಿನ್ ಹಿಡಿದರೆ ಹೆಚ್ಚು ಕೊಡಬೇಕು. ಮೂರನೆಯ, ನಾಲ್ಕನೆಯ ಹಾಸಿಗೆಯ ದರ ಮಾತ್ರ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಏಜೆಂಟ್ ಸುಲಭವಾಗಿ ಹೇಳುತ್ತಾನೆ, ‘ಮಾಜಿಯನ್ನು ನಿಮ್ಮ ಕ್ಯಾಬಿನ್‌ನಲ್ಲೇ ಹಾಕಿಬಿಡಿ.’ ಆ ಮೂರನೆಯ ಹಾಸಿಗೆ ಎಂದರೆ ಬಹುಪಾಲು ಗೋಡೆಯಿಂದ ಇಳಿಸುವ ಮೇಲಿನ ಬರ್ತ್, ಇಲ್ಲವೇ ಬಿಡಿಸಿದ ಸೋಫಾ. ಏಣಿ ಹತ್ತಿ ಮಲಗುವ ಖುಷಿ ಹತ್ತು ವರ್ಷದ ಹುಡುಗನಿಗೆ ಇರಬಹುದು, ಅಜ್ಜಿಗಲ್ಲ. ಸೊಸೆ, ಮಗ ಇರುವ ಇಕ್ಕಟ್ಟಿನ ಕೋಣೆಯಲ್ಲಿ ರಾತ್ರಿ ಎದ್ದು ದೀಪ ಹಾಕಲೂ ಆಕೆಗೆ ಸಂಕೋಚ. ಅಂಥ ಸಂಸಾರ ಎರಡು ಕ್ಯಾಬಿನ್ ಹಿಡಿದು ಅಜ್ಜಿಯ ಜೊತೆ ಮೊಮ್ಮಗಳನ್ನು ಬಿಡಲಿ. ಲೆಕ್ಕವೂ ಇಬ್ಬಿಬ್ಬರಿಗೆ ಸರಿಹೋಗುತ್ತದೆ, ಎರಡು ಬಚ್ಚಲೂ ಸಿಗುತ್ತವೆ.

‘ಕ್ಯಾಬಿನ್‌ನಲ್ಲಿ ಯಾರು ಕೂರ್ತಾರೆ? ಇಡೀ ದಿನ ಹೊರಗೇ ಇರ್ತೀವಿ’ ಎಂದು ಹೇಳುವವರಿದ್ದಾರೆ. ನಮ್ಮ ವಯಸ್ಸಿಗೆ ಅದು ನಿಜ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಒರಗಲೇಬೇಕಾದ, ಹೊತ್ತು ಹೊತ್ತಿಗೆ ಮಾತ್ರೆ ನುಂಗುವ, ಸಂಜೆಯ ಜೋರು ಸಂಗೀತದಿಂದ ತಪ್ಪಿಸಿಕೊಳ್ಳಬೇಕಾದ ಹಿರಿಯರಿಗೆ ಅಲ್ಲ. ಅವರ ಪಾಲಿಗೆ ಆ ಕ್ಯಾಬಿನ್ನೇ ಅರ್ಧ ಪ್ರವಾಸ. ಕಿಟಕಿಯ ಹೆಚ್ಚುವರಿ ದುಡ್ಡು ಯಾರಿಗೆ ಹೆಚ್ಚು ಉಪಯೋಗ ಎಂಬುದು ಇದರಿಂದಲೇ ತೀರ್ಮಾನವಾಗಬೇಕು.

ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆ ಸಾಲದ ಕಂತು, ಶಾಲೆಯ ಫೀಸು ಕಟ್ಟಿ ಉಳಿದದ್ದರಲ್ಲಿ ಹೋಗುವವರು ನಾವು. ಜಾಹೀರಾತಿನ ದರದ ಮೇಲೆ ಬಂದರು ಶುಲ್ಕ, ತೆರಿಗೆ ಎಂದು ಇನ್ನಷ್ಟು ಸೇರುತ್ತದೆ. ಎರಡು ಕಿಟಕಿಗೆ ದುಡ್ಡು ಸಾಲದಿದ್ದರೆ ಒಂದೇ ಕಿಟಕಿ ಇರಲಿ, ಅದು ಹಿರಿಯರಿಗಿರಲಿ. ಅದೂ ಆಗದಿದ್ದರೆ ಮೂರು ರಾತ್ರಿಯ ಬದಲು ಎರಡು ರಾತ್ರಿ ಹೋಗೋಣ. ಮಕ್ಕಳಿಗೆ ಒಳಗಿನ ಕ್ಯಾಬಿನ್ ಕೊಟ್ಟರೆ ಆಕಾಶವೇನೂ ಬೀಳುವುದಿಲ್ಲ. ನಮ್ಮ ಯಾನದ ಕೊನೆಯ ರಾತ್ರಿ ರಿಸೆಪ್ಶನ್‌ಗೆ ತಿಳಿಸಿ ಅದಲುಬದಲು ಮಾಡಿಕೊಂಡೆವು. ಅಪ್ಪ, ಅಮ್ಮ, ಮಗಳು, ಹೆಂಡತಿ ಕಿಟಕಿಯ ಕಡೆ. ನಾನು, ಮಗ ಕತ್ತಲ ಕೋಣೆಗೆ. ಹದಿಮೂರರ ಮಗ ಆ ಕತ್ತಲಲ್ಲಿ ಬೆಳಿಗ್ಗೆ ಒಂಬತ್ತಾದರೂ ಏಳಲಿಲ್ಲ. ಅಪ್ಪ ಐದಕ್ಕೇ ಎದ್ದು ಗಾಜಿನ ಹತ್ತಿರ ಕುರ್ಚಿ ಎಳೆದುಕೊಂಡಿದ್ದರಂತೆ. ಪುಟ್ಟ ಮಕ್ಕಳಿರುವವರಿಗಂತೂ ಬಾಲ್ಕನಿಗಿಂತ ಒಳಗಿನ ಕ್ಯಾಬಿನ್ನೇ ನೆಮ್ಮದಿ. ಕುರ್ಚಿ ಹತ್ತಿ ಕಂಬಿಯಾಚೆ ಬಗ್ಗುವ ಭಯವಿಲ್ಲ.

ಹೊರಡುವ ಮುನ್ನ ಪರೀಕ್ಷೆ ಮಾಡಿಕೊಳ್ಳುವ ಅವಕಾಶ ಗುಜರಾತಿನಲ್ಲಿರುವ ನಮಗೆ ಇದೆ. 2020ರ ನವೆಂಬರ್‌ನಲ್ಲಿ ಸೂರತ್ ಬಳಿಯ ಹಜೀರಾದಿಂದ ಭಾವನಗರದ ಕಡೆಯ ಘೋಘಾಕ್ಕೆ ರೋ-ಪ್ಯಾಕ್ಸ್ ಫೆರಿ ಆರಂಭವಾಯಿತು. ರಸ್ತೆಯಲ್ಲಿ 370 ಕಿಲೋಮೀಟರ್ ಸುತ್ತಬೇಕಾದಲ್ಲಿ ಸಮುದ್ರದಲ್ಲಿ 90 ಕಿಲೋಮೀಟರ್, ಸುಮಾರು ನಾಲ್ಕು ಗಂಟೆ. ಪಾಲಿಟಾಣಾ, ಸೋಮನಾಥದ ಕಡೆ ಹೋಗುವಾಗ ಅಪ್ಪ ಅಮ್ಮನನ್ನು ಒಮ್ಮೆ ಅದರಲ್ಲಿ ಕರೆದುಕೊಂಡು ಹೋಗಿ. ಯಾರಿಗೆ ತಲೆ ಸುತ್ತುತ್ತದೆ, ಯಾರಿಗೆ ಮೆಟ್ಟಿಲು ಕಷ್ಟ, ಯಾರು ಕಿಟಕಿ ಬಿಟ್ಟು ಏಳುವುದಿಲ್ಲ, ಎಲ್ಲವೂ ಒಂದೇ ದಿನದಲ್ಲಿ ತಿಳಿಯುತ್ತದೆ.

ಕಂಪನಿಗಳ, ಸರ್ಕಾರದ ಪಾಲೂ ಇದರಲ್ಲಿದೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿತು. 2029ರ ಹೊತ್ತಿಗೆ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿ. ಟರ್ಮಿನಲ್‌ಗಳು ಬರಲಿ, ಹಡಗುಗಳು ಬರಲಿ. ಜೊತೆಗೆ ಒಂದು ಸಣ್ಣ ನಿಯಮವೂ ಬರಲಿ. ಬುಕ್ ಮಾಡುವಾಗ ನಮ್ಮೆಲ್ಲರ ವಯಸ್ಸನ್ನು ಹೇಗೂ ಬರೆಸಿಕೊಳ್ಳುತ್ತಾರೆ. ಅದನ್ನು ನೋಡಿ, ರೈಲ್ವೆ ಮಾಡುವಂತೆ, ಹಿರಿಯರಿಗೆ ನಡುಭಾಗದ ಕ್ಯಾಬಿನ್ ಮತ್ತು ಕೆಳಗಿನ ಹಾಸಿಗೆಯನ್ನು ತಾವಾಗಿಯೇ ಕೊಡಲು ಪ್ರಯತ್ನಿಸಲಿ. ಎಷ್ಟೇ ಅಗ್ಗದ ದರವಾದರೂ ಒಂದೇ ಬುಕಿಂಗ್‌ನ ಹಿರಿಯರನ್ನು ಮಕ್ಕಳಿಂದ ದೂರ ಹಾಕದಿರಲಿ. ಇದಕ್ಕೆ ಹೊಸ ಹಡಗು ಕಟ್ಟಬೇಕಿಲ್ಲ, ಕಂಪ್ಯೂಟರಿನಲ್ಲಿ ಒಂದು ಬದಲಾವಣೆ ಸಾಕು.

ಅದು ಬರುವವರೆಗೆ ಆ ಕೆಲಸ ನಮ್ಮದು. ವರ್ಷಕ್ಕೊಮ್ಮೆ ಸಾವಿರಾರು ಮೈಲಿ ದಾಟಿ ನಮ್ಮ ಮನೆಗೆ ಬರುವವರು ತಮಗೆ ಏನು ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ. ‘ಎಲ್ಲಾದ್ರೂ ಆಗುತ್ತೆ ಬಿಡು’ ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಈ ದೀಪಾವಳಿಗೆ ಏಜೆಂಟ್ ‘ಎಷ್ಟು ಜನ?’ ಎಂದು ಕೇಳಿದಾಗ ಸಂಖ್ಯೆ ಹೇಳುವ ಮೊದಲು ವಯಸ್ಸು ಹೇಳಿ. ಮನೆಯ ಹಿರಿಯರಿಂದಲೇ ಶುರು ಮಾಡಿ.