ಪಿಸ್ತೂಲಿಗೆ ಪಾರ್ಟು ಹಾಕಿಸುವ ಚಟ

ಬ್ಲಾಗ್ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ವಾರವಿಡೀ ಆಫೀಸಿನ ರಿಲೀಸು, ಶನಿವಾರ ಭಾನುವಾರ ಶೂಟಿಂಗ್ ರೇಂಜು. ಇವತ್ತು ಬರೆಯೋಕೆ ಕೂತಿದ್ದು ಸಿಟ್ಟಿನಿಂದ. ನಿಮ್ಮಲ್ಲಿ ಹೆಚ್ಚಿನವರು ಪಿಸ್ತೂಲು ಮುಟ್ಟಿರಲಿಕ್ಕಿಲ್ಲ, ಆದರೂ ಓದಿ. ಬೈಕಿಗೆ ಜೆ.ಸಿ. ರೋಡಿನಿಂದ ಸೈಲೆನ್ಸರ್ ತಂದು ಹಾಕಿಸಿ ಆಮೇಲೆ ಮೈಲೇಜ್ ಯಾಕೆ ಬರ್ತಿಲ್ಲ ಅಂತ ತಲೆ ಕೆರೆದುಕೊಂಡವರಿಗೆ ಈ ಕಥೆ ಚೆನ್ನಾಗೇ ಅರ್ಥವಾಗುತ್ತೆ :)

ನಮ್ಮ ರೇಂಜಿಗೆ ತುಮಕೂರಿನಿಂದ ರೈಲಲ್ಲಿ ಒಬ್ಬ ಹುಡುಗ ಬರ್ತಾನೆ. ಪಿಯುಸಿ ಓದ್ತಿದಾನೆ. 10 ಮೀಟರ್ ಏರ್ ಪಿಸ್ತೂಲು ಶುರು ಮಾಡಿ ಆರು ತಿಂಗಳಾಗಿದೆ. ಅವರಪ್ಪ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಪಿಸ್ತೂಲೊಂದು ಕೊಡಿಸಿದಾರೆ. ಹೋದ ಭಾನುವಾರ ನಮ್ಮವನೇ ಒಬ್ಬ, ನನ್ನ ಹಾಗೇ ಕೋಡ್ ಬರೆದು ಬದುಕುವವನು, ಆ ಹುಡುಗನ ಹೆಗಲ ಮೇಲೆ ಕೈ ಹಾಕಿ ಹೇಳ್ತಿದ್ದ: "ಕಂಪನಿ ಗ್ರಿಪ್ಪಲ್ಲಿ ಏನೂ ಆಗಲ್ಲ ಮಗಾ. ಜರ್ಮನಿಯಿಂದ ತರಿಸು. ಟ್ರಿಗರ್ ಸ್ಪ್ರಿಂಗೂ ಬದಲಾಯಿಸಿಬಿಡು." ಹುಡುಗ ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಎಷ್ಟಾಗುತ್ತಣ್ಣಾ?"

ನನಗೆ ಮೈ ಉರಿದುಹೋಯ್ತು. ಯಾಕಂದ್ರೆ ಎರಡು ವರ್ಷದ ಹಿಂದೆ ಇದೇ ಮಾತು ನಂಬಿ ಕೈ ಸುಟ್ಟುಕೊಂಡವನು ನಾನು.

ಆಗ ನನ್ನ ಸ್ಕೋರು 600ಕ್ಕೆ 548ರ ಹತ್ತಿರ ನಿಂತುಬಿಟ್ಟಿತ್ತು. ನಿಂತಿದ್ದು ಪಿಸ್ತೂಲಿನಿಂದ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಪ್ರೊಫೈಲರ್ ಓಡಿಸದೆ ಕೋಡ್ ತಿದ್ದುವ ಜೂನಿಯರ್‌ಗೆ ಆಫೀಸಲ್ಲಿ ಬೈತೀನಿ, ರೇಂಜಲ್ಲಿ ಅದೇ ಕೆಲಸ ನಾನು ಮಾಡಿದೆ. ಅಂಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಅಳತೆ ಕಳಿಸಿದೆ. ವಾಲ್ನಟ್ ಮರದ ಗ್ರಿಪ್ ಬಂತು. ಸುಂಕ, ಕೊರಿಯರ್ ಎಲ್ಲ ಸೇರಿ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ಹಿಡಿದರೆ ಬೆಣ್ಣೆ! ಮೂರು ವಾರ ಸ್ವರ್ಗ. ಆಮೇಲೆ ನಮ್ಮ ಕೋಚ್ ನನ್ನ ಮಣಿಕಟ್ಟು ನೋಡಿ, "ಕೈ ತುಂಬಾ ಕೆಳಗೆ ಬಗ್ಗಿಸ್ತೀಯಪ್ಪಾ, ಹಿಡಿತ ಇನ್ನೂ ಮೇಲೆ ಹೋಗ್ಬೇಕು" ಅಂದರು. ಸರಿ ಮಾಡೋಕೆ ಹೋದರೆ ಗ್ರಿಪ್ ಬಿಡಲೊಲ್ಲದು. ನನ್ನ ತಪ್ಪು ಹಿಡಿತವನ್ನೇ ಅಚ್ಚುಕಟ್ಟಾಗಿ ಮರದಲ್ಲಿ ಕೆತ್ತಿಸಿ ತರಿಸಿಕೊಂಡಿದ್ದೆ! ಈಗದು ಕಪಾಟಿನಲ್ಲಿದೆ. ನನ್ನ ಕೈ ಅಳತೆಯದ್ದು, ಮಾರೋಕೂ ಬರಲ್ಲ.

ಸ್ಪ್ರಿಂಗಿನ ಕಥೆ ಇನ್ನೂ ಚೆಂದ. ಏರ್ ಪಿಸ್ತೂಲಿನ ನಿಯಮದ ಪ್ರಕಾರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಪಂದ್ಯಕ್ಕೆ ಮುಂಚೆ ಪಿಸ್ತೂಲನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿ, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ ಎತ್ತುತ್ತಾರೆ. ತೂಕ ಮೇಲೆದ್ದರೆ ಪಾಸು, ಅದಕ್ಕೆ ಮುಂಚೆ 'ಟಿಕ್' ಅಂದರೆ ಫೇಲು. ಕಂಪನಿ ಸ್ಪ್ರಿಂಗ್ ಒರಟು ಅನ್ನಿಸಿ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಬೇರೆ ಮಾಡಿಸಿ ಹಾಕಿದ್ದೆ. ಮನೆಯಲ್ಲಿ ನೋಡಿದಾಗ ಸರಿಯಾಗೇ ಇತ್ತು. ಎರಡೇ ವಾರದಲ್ಲಿ ಸಡಿಲವಾಗಿ, ರಾಜ್ಯ ಮಟ್ಟದ ಪಂದ್ಯದ ಬೆಳಿಗ್ಗೆ 'ಟಿಕ್'. ಗಡಿಬಿಡಿಯಲ್ಲಿ ಸ್ಕ್ರೂ ಬಿಗಿ ಮಾಡಿ ಪಾಸಾದೆ. ಆದರೆ ಬೆರಳಿಗೆ ಗುರುತಿದ್ದ ಟ್ರಿಗರ್ ಅದಲ್ಲ. 521. ಅವತ್ತು ನೋಡೋಕೆ ಅಪ್ಪ ಬಂದಿದ್ದರು.. ಬಿಡಿ. ವರ್ಕ್‌ಶಾಪಿನವರದ್ದೇನೂ ತಪ್ಪಿಲ್ಲ, ನಾನು ಕೇಳಿದ್ದನ್ನು ಮಾಡಿಕೊಟ್ಟರು.

ಈಗ ಲೆಕ್ಕ. ಗುರಿ ಹಲಗೆಯ 10ರ ವೃತ್ತದ ಅಡ್ಡಳತೆ 11.5 ಮಿ.ಮೀ., ಪೆಲೆಟ್ 4.5 ಮಿ.ಮೀ. ಗೆರೆ ತಾಗಿದರೂ ಅಂಕ ಸಿಗುವುದರಿಂದ ನಟ್ಟನಡುವಿನಿಂದ 8 ಮಿ.ಮೀ. ಆಚೀಚೆ ಆದರೂ ಹತ್ತೇ. ಕೈ ಇಡಿಯಾಗಿ ಮೂರು ಮಿ.ಮೀ. ಪಕ್ಕಕ್ಕೆ ಅಲುಗಾಡಿದರೆ ಪೆಲೆಟ್ಟೂ ಮೂರೇ ಮಿ.ಮೀ. ಪಕ್ಕಕ್ಕೆ. ಚಿಂತೆಯಿಲ್ಲ. ಆದರೆ ಬೆರಳು ಟ್ರಿಗರನ್ನು ಜಗ್ಗಿ, ಮುಂದಿನ ಸೈಟು ಹಿಂದಿನ ಸೈಟಿನ ಸಂದಿಯಲ್ಲಿ ಒಂದೇ ಒಂದು ಮಿ.ಮೀ. ಓರೆಯಾಯ್ತು ಅನ್ನಿ. ಎರಡು ಸೈಟುಗಳ ನಡುವಿನ ದೂರ ಸುಮಾರು 33 ಸೆಂ.ಮೀ., ಹಲಗೆ ಇರೋದು 10 ಮೀಟರ್ ದೂರದಲ್ಲಿ. ಅಂದರೆ ಆ ಒಂದು ಮಿ.ಮೀ. ಅಲ್ಲಿ ಮೂವತ್ತಾಗುತ್ತೆ. ಹತ್ತಿದ್ದಿದ್ದು ಏಳು! ಪಂದ್ಯದ ಪಿಸ್ತೂಲಿನ ಜೊತೆ ಕಾರ್ಖಾನೆಯಲ್ಲಿ ಹೊಡೆದು ನೋಡಿದ ಕಾರ್ಡ್ ಬರುತ್ತೆ. ಐದು ಪೆಲೆಟ್ಟೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗಿರುತ್ತೆ. ಹಾಗಾದ್ರೆ ಆ ಏಳು ಬಂದಿದ್ದು ಯಾರಿಂದ? ಬೆರಳಿಗೆ ಹೊರಗಿನ ಪಾರ್ಟು ಸಿಗಲ್ಲ ಸ್ವಾಮಿ.

ಈ ಮಾತಿಗೆ ಕೆಲವರು ತಕ್ಷಣ 2024ರ ಪ್ಯಾರಿಸ್ ಒಲಿಂಪಿಕ್ಸಿನ ಟರ್ಕಿಯ ಯೂಸುಫ್ ಡಿಕೆಚ್ ಫೋಟೋ ತೆಗೀತಾರೆ. ಮಾಮೂಲಿ ಕನ್ನಡಕ, ಜೇಬಲ್ಲಿ ಕೈ, ಮಿಶ್ರ ತಂಡದಲ್ಲಿ ಬೆಳ್ಳಿ. "ನೋಡ್ರೀ, ಏನೂ ಬೇಡ!" ಇದೂ ಸುಳ್ಳೇ. ಅವರ ಕೈಯಲ್ಲಿದ್ದಿದ್ದು ಜಾತ್ರೆಯಲ್ಲಿ ಬಲೂನ್ ಹೊಡೆಯೋ ಪಿಸ್ತೂಲಲ್ಲ, ಅಪ್ಪಟ ಪಂದ್ಯದ ಪಿಸ್ತೂಲು. ಅವರು ಬಿಟ್ಟಿದ್ದು ಮುಖದ ಮೇಲಿನ ಸಲಕರಣೆ ಅಷ್ಟೆ. ನಾನೂ ಅಗ್ಗದ್ದು ಸಾಕು ಅಂತ ಹೇಳ್ತಿಲ್ಲ, ಒಳ್ಳೆಯದನ್ನು ತಂದು ಕೆಡಿಸಬೇಡಿ ಅಂತ ಹೇಳ್ತಿದೀನಿ.

ನಮ್ಮ ಬೆಂಗಳೂರಿನವರೇ ಪ್ರಕಾಶ್ ನಂಜಪ್ಪ ಇದಾರಲ್ಲ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ವಾಪಸ್ ಬಂದವರು. 2013ರಲ್ಲಿ ಚಾಂಗ್‌ವಾನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಬದಿಗೆ ಪಾರ್ಶ್ವವಾಯು ಆಯ್ತು. ಮುಂದಿನ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ನಮ್ಮ ರೇಂಜಿನ ಐಟಿ ಹುಡುಗರು ಅವರ ಹೆಸರು ಹೇಳಿ ಎದೆ ಉಬ್ಬಿಸ್ತಾರೆ, ಆಮೇಲೆ ಹೋಗಿ ಮೊಬೈಲಲ್ಲಿ ಗ್ರಿಪ್ ಹುಡುಕ್ತಾರೆ :(

"ಕಂಪನಿದೂ ಕೈ ಕೊಡುತ್ತಲ್ಲ?" ಕೊಡುತ್ತೆ. 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ಮಧ್ಯೆಯೇ ಕೆಟ್ಟು, ದುರಸ್ತಿಯಲ್ಲಿ ಸಮಯ ಹೋಗಿ, 575 ಹೊಡೆದೂ 12ನೇ ಸ್ಥಾನಕ್ಕೆ ನಿಂತರು. ಮೂರು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಎರಡು ಕಂಚು, ಅದು ಬೇರೆ ಮಾತು. ಆದರೆ ಕಂಪನಿ ಪಾರ್ಟು ಮುರಿದರೆ ಪಕ್ಕದವನ ಚೀಲದಲ್ಲಾದರೂ ಇನ್ನೊಂದು ಸಿಗಬಹುದು. ನನ್ನ ಪೀಣ್ಯ ಸ್ಪ್ರಿಂಗ್ ಮುರಿದಿದ್ದರೆ? ಪ್ರಪಂಚದಲ್ಲಿ ಇದ್ದಿದ್ದೇ ಒಂದು.

ಗಾಳಿ ಸಿಲಿಂಡರ್ ವಿಷಯದಲ್ಲಂತೂ ಚರ್ಚೆಯೇ ಬೇಡ. 200 ಬಾರ್ ಒತ್ತಡ ಮುಖದ ಮುಂದೆ ಹಿಡಿದುಕೊಂಡು ನಿಲ್ತೀವಿ. ಕಂಪನಿಯದ್ದೇ ಹಾಕಿ, ಹತ್ತು ವರ್ಷ ಆದಮೇಲೆ ಬಿಸಾಕಿ.

ಹಾಗಾದ್ರೆ ಏನನ್ನೂ ಮುಟ್ಟಲೇಬಾರದಾ? ಗ್ರಿಪ್ ಮುಟ್ಟಿ. ಬೆರಳಿನ ಉದ್ದ, ಅಂಗೈ ಮಾಂಸ ಒಬ್ಬೊಬ್ಬರದ್ದು ಒಂದೊಂದು ಥರ, ಸ್ಮಾಲ್ ಮೀಡಿಯಂ ಲಾರ್ಜ್ ಅಂತ ಮೂರು ಅಳತೆಯಲ್ಲಿ ಎಲ್ಲರ ಕೈ ಕೂರಲ್ಲ ಅನ್ನೋದು ನಿಜ. ಆದರೆ ಇರೋ ಕಂಪನಿ ಗ್ರಿಪ್ಪಿಗೇ ಎಲ್ಲಿ ಖಾಲಿ ಇದೆಯೋ ಅಲ್ಲಿ ಚೂರು ಎಂ-ಸೀಲ್ ಮೆತ್ತಿ, ಎಲ್ಲಿ ಒತ್ತುತ್ತೋ ಅಲ್ಲಿ ಉಪ್ಪು ಕಾಗದದಲ್ಲಿ ಉಜ್ಜಿ. ಹಿಡಿತ ಬದಲಾದರೆ ಕಿತ್ತು ಮತ್ತೆ ಮೆತ್ತಬಹುದು, ಇಪ್ಪತ್ತು ಮೂವತ್ತು ರೂಪಾಯಿ ಕೆಲಸ. ಒಂದೇ ಎಚ್ಚರ: ದಪ್ಪ ಮಾಡಿಬಿಟ್ಟೀರಿ, ಪಿಸ್ತೂಲು 420 x 200 x 50 ಮಿ.ಮೀ. ಡಬ್ಬಿಯೊಳಗೆ ಕೂರಬೇಕು. ಕೈಯನ್ನು ಸುತ್ತುವ ಹಾಗೂ ಇರಬಾರದು. ವರ್ಷವೆರಡು ವರ್ಷ ಹಿಡಿತ ಒಂದೇ ಕಡೆ ನಿಂತಮೇಲೆ, ದುಡ್ಡಿದ್ದರೆ, ಆಗ ಜರ್ಮನಿಗೆ ಬರೀರಿ, ನಾನೇನೂ ಅಡ್ಡ ಬರಲ್ಲ.

ಹುಡುಗನ್ನ ಆಮೇಲೆ ಪಕ್ಕಕ್ಕೆ ಕರೆದು ಅವನ ಪಿಸ್ತೂಲು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ಕಾಳಿನಷ್ಟು ಖಾಲಿ ಇದೆ, ಅಷ್ಟೆ. ಟ್ರಿಗರ್ ಸರಿಯಾಗೇ ಇದೆ, ಇವನೇ ಜಗ್ಗುತ್ತಾನೆ. ಪೆಲೆಟ್ ಹಾಕದೆ ದಿನಾ ಐವತ್ತು ಸಲ ಬಿಳಿ ಗೋಡೆಗೆ ಗುರಿಯಿಟ್ಟು ಒತ್ತು ಅಂದಿದೀನಿ. ಈ ಭಾನುವಾರ ಎಂ-ಸೀಲ್ ನಾನೇ ತಗೊಂಡು ಹೋಗ್ತೀನಿ. "ಅಣ್ಣಾ, ಅಪ್ಪನಿಗೆ ಗ್ರಿಪ್ ವಿಷಯ ಹೇಳ್ಬಿಟ್ಟಿದೀನಿ, ಅವರು ಯಾರನ್ನೋ ದುಡ್ಡು ಕೇಳಿದಾರೆ" ಅಂದ. ಅವರಪ್ಪನ ನಂಬರ್ ಇಸ್ಕೊಂಡಿದೀನಿ. ಇದನ್ನು ಪೋಸ್ಟ್ ಮಾಡಿ ಫೋನ್ ಮಾಡಬೇಕು.