ಆರಿದ್ರೆ ಕೊಡುವ ಸೂಚನೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ರೈತರಿಗೆ ನಕ್ಷತ್ರಗಳೆಂದರೆ ಮೊದಲು ಮಳೆಗಳು. ರೋಹಿಣಿ ಕಳೆಯಿತೇ, ಮೃಗಶಿರ ಹಿಡಿಯಿತೇ ಎಂದು ವಿಚಾರಿಸುವ ಹಿರಿಯರು, ಆರಿದ್ರಾ ಮಳೆ ಆರದೆ ಸುರಿಯಲೆಂದು ಹಾರೈಸುತ್ತಾರೆ. ಆದರೆ ಆ ಮಳೆ ಹುಟ್ಟುವ ಜೂನ್ ತಿಂಗಳ ಕೊನೆಯಲ್ಲಿ ಆರಿದ್ರಾ ನಕ್ಷತ್ರವು ಸೂರ್ಯನ ಪ್ರಭೆಯಲ್ಲಿ ಮುಳುಗಿ ಕಣ್ಣಿಗೆ ಬೀಳದು. ಅದನ್ನು ಕಾಣಬೇಕಾದರೆ ಪುಷ್ಯಮಾಸದ ಚಳಿಯಲ್ಲಿ, ಊರ ದೀಪಗಳಿಂದ ದೂರ, ಮಲೆ ಮಹದೇಶ್ವರ ಬೆಟ್ಟದ ಹಾದಿಯಲ್ಲೋ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲೋ ನಿಂತು, ಸಂಜೆಗತ್ತಲಲ್ಲಿ ಮೂಡಣ ದಿಕ್ಕನ್ನು ನೋಡಬೇಕು. ಮಹಾವ್ಯಾಧನ ಹೆಗಲ ಮೇಲೆ ಕೆಂಡದಂತೆ ಹೊಳೆಯುವುದೇ ಆರಿದ್ರೆ.

ಈ ಕೆಂಪು ಮಹಾದೈತ್ಯನಿಗೆ ಆಯುಸ್ಸು ತೀರುತ್ತ ಬಂದಿದೆ. ಮನುಷ್ಯರ ಲೆಕ್ಕದಲ್ಲಿ ಅದಿನ್ನೂ ಬಹುದೂರವಿರಬಹುದು. ಆದರೂ ಒಂದು ದಿನ ಅದರ ಒಡಲು ಕುಸಿದು, ಹೊರಮೈ ಸಿಡಿದು, ಅದು ಸೂಪರ್‌ನೋವಾ ಆಗುವುದು ನಿಶ್ಚಯ. 2019ರ ಕೊನೆಯಲ್ಲಿ ಅದು ಮಂಕಾಗತೊಡಗಿದಾಗ, ಗಳಿಗೆ ಬಂದಿತೇ ಎಂದು ಜಗತ್ತೇ ತಲೆಯೆತ್ತಿ ನೋಡಿತು. 2020ರಲ್ಲಿ ಅದು ಮತ್ತೆ ಬೆಳಗಿತು. ತಾರೆಯೇ ಹೊರಚೆಲ್ಲಿದ ಧೂಳು ಅದನ್ನು ಮರೆಮಾಡಿತ್ತೆಂದು ತಿಳಿದುಬಂದಿತು. ಹಾಗಾದರೆ ಸಾಯುವ ತಾರೆ ಮುಂಚಿತವಾಗಿ ಸೂಚನೆ ಕೊಡುವುದುಂಟೇ?

ಇಂಥ ಪ್ರಶ್ನೆಗಳ ಬೆನ್ನುಹತ್ತಿ ಬಾಳು ಸವೆಸಿದವರಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಡೀನ್ ಆಗಿದ್ದು ನಿವೃತ್ತರಾದ ಡಾ. ಜಿ. ಸಿ. ಅನುಪಮಾ ಪ್ರಮುಖರು. ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾದ ಮೊದಲ ಮಹಿಳಾ ಅಧ್ಯಕ್ಷರೂ ಅವರೇ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸುವಲ್ಲಿ ಅವರ ಪಾಲು ದೊಡ್ಡದು. 2000ದಲ್ಲಿ ಮೊದಲ ಬೆಳಕು ಕಂಡ ಆ ಯಂತ್ರವನ್ನು, ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ.

ಸೂಪರ್‌ನೋವಾ ಯಾರಿಗಾಗಿಯೂ ಕಾಯದು. ಅದರ ಬೆಳಕು ಏರಿ ಇಳಿಯುವ ಬಗೆಯಲ್ಲಿಯೇ ತಾರೆಯ ಕಥೆಯೆಲ್ಲ ಅಡಗಿದೆ. ತಪ್ಪಿಹೋದ ರಾತ್ರಿ ಮರಳಿ ದೊರೆಯುವುದಿಲ್ಲ. 2004ರಲ್ಲಿ ಕಾಣಿಸಿಕೊಂಡ ಒಂದನ್ನು ಅನುಪಮಾ ಅವರೂ ಸಹೋದ್ಯೋಗಿ ದೇವೇಂದ್ರ ಸಾಹು ಮೊದಲಾದವರೂ ವರ್ಷಕ್ಕೂ ಮಿಕ್ಕಿ ಬಿಡದೆ ನೋಡಿದರು. ಆದರೆ ಒಂದೂರಲ್ಲಿ ಬೆಳಗಾದೊಡನೆ ಅಲ್ಲಿಯ ಕಾವಲು ಮುಗಿಯುತ್ತದೆ; ಮುಂದಿನ ಗಳಿಗೆ ಇನ್ನೊಂದು ನಾಡಿನದು. ಕೆನರಿ ದ್ವೀಪಗಳಿಗೂ ಪೂರ್ವ ಆಸ್ಟ್ರೇಲಿಯಕ್ಕೂ ನಡುವಣ ದೊಡ್ಡ ತೆರಪನ್ನು ಹಾನ್ಲೆ ತುಂಬುತ್ತದೆ. ಅದರ ಬೆಲೆ ಇರುವುದೇ ಅಲ್ಲಿ.

ಈ ಕೂಡುಬಾಳ್ವೆಯ ಫಲ 2023ರಲ್ಲಿ ಕಂಡಿತು. ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ, ಸಪ್ತರ್ಷಿಮಂಡಲದ ದಿಕ್ಕಿನಲ್ಲಿ ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಕ್ಸಿಯೊಂದರಲ್ಲಿ ಹೊಸ ಬೆಳಕನ್ನು ಕಂಡರು. ಹಾನ್ಲೆಯ ದೂರದರ್ಶಕಗಳು, ಹಿರೋಷಿಮಾದ ಕನಾತಾ ದೂರದರ್ಶಕ, ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ ಇವೆಲ್ಲ ಅತ್ತ ತಿರುಗಿದವು. ಋಷಭ್ ಸಿಂಗ್ ತೇಜಾ ಎಂಬ ತರುಣ ಸಂಶೋಧಕರು ಮುಂದಾಳಾಗಿ, ಅನುಪಮಾ, ಸಾಹು ಹಾಗೂ ಮುಂಬಯಿ, ಹಿರೋಷಿಮಾಗಳ ವಿಜ್ಞಾನಿಗಳು ಜೊತೆಗೂಡಿ ಬರೆದ ಪ್ರಬಂಧವು ಸೋಜಿಗದ ಸಂಗತಿಯೊಂದನ್ನು ಮುಂದಿಟ್ಟಿತು: ಸಿಡಿಯುವುದಕ್ಕೆ ಸುಮಾರು 35ರಿಂದ 65 ವರ್ಷ ಮೊದಲೇ ಆ ತಾರೆ ತನ್ನ ದ್ರವ್ಯವನ್ನು ಹೆಚ್ಚಾಗಿ ಹೊರಚೆಲ್ಲಿ, ಸುತ್ತ ಚಿಪ್ಪೊಂದನ್ನು ಕಟ್ಟಿಕೊಂಡಿದ್ದಿರಬೇಕು. ಅದೂ ಆರಿದ್ರೆಯಂತೆ ಕೆಂಪು ಮಹಾದೈತ್ಯವೇ.

ಸೂಚನೆ ಉಂಟು; ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಅಡಗುವಷ್ಟು ಅವಧಿಯ ಸೂಚನೆ. ಎಲ್ಲ ತಾರೆಗಳೂ ಹೀಗೆಯೇ ಮಾಡುವುವೇ ಎಂಬುದನ್ನು ಇನ್ನೂ ಅನೇಕ ಸಾವುಗಳನ್ನು ನೋಡಿ ತಿಳಿಯಬೇಕಾಗಿದೆ.

ಆರಿದ್ರೆಯ ಬೆಳಕು ಇಲ್ಲಿಗೆ ತಲುಪಲು 500ರಿಂದ 700 ವರ್ಷ ಬೇಕು. ಹನೂರಿನ ಅಂಗಳದಲ್ಲಿ ಮೊಮ್ಮಗುವಿಗೆ ಅದನ್ನು ತೋರಿಸುವ ತಾತ ನೋಡುತ್ತಿರುವುದು ವಿಜಯನಗರದ ಅರಸರ ಕಾಲದಲ್ಲಿ ಹೊರಟ ಬೆಳಕನ್ನು. ಸಿಡಿತದ ಸುದ್ದಿ ಆಗಲೇ ಹೊರಟು ಹಾದಿಯಲ್ಲಿದ್ದರೂ ಇರಬಹುದು. ಅದು ಯಾರ ರಾತ್ರಿಯಲ್ಲಿ ಬಂದು ಮುಟ್ಟುವುದೋ ಬಲ್ಲವರಿಲ್ಲ. ಆದುದರಿಂದಲೇ ಹೊಸಕೋಟೆಯಲ್ಲಿ ಇಂದಿಗೂ ಯಾರೋ ಒಬ್ಬರು ನಿದ್ರೆಗೆಟ್ಟು ಕುಳಿತಿರುತ್ತಾರೆ.